ಮೂವತ್ತು ವರ್ಷದ ದಾರಿ

"ಬೀಗ ಹಾಕಿದಾರಲ್ಲೇ!"

ನೆಲ್ಲೆಕೆ ಸೈಕಲ್ಲಿನಿಂದ ಇಳಿಯದೆಯೇ ಕಬ್ಬಿಣದ ಗೇಟನ್ನು ಅಲ್ಲಾಡಿಸಿದಳು. ಗೇಟಿನಾಚೆ ಬೀಚ್ ಎಂಬ ಎತ್ತರದ ಕಾಡುಮರಗಳ ಸಾಲು, ಬಲಕ್ಕೆ ಕೆರೆ, ಎಡಕ್ಕೆ ವಿಲ್ಖೆನ್‌ರುಸ್ಟ್ ಎಸ್ಟೇಟಿನ ಮುನ್ನೂರು ವರ್ಷದ ಬಂಗಲೆ. ಮೂವತ್ನಾಲ್ಕು ವರ್ಷ ಇದೇ ದಾರಿಯಲ್ಲಿ ಸೈಕಲ್ ತುಳಿದು ಅಂಚೆ ಹಂಚಿದವಳು ಅವಳು. ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಗೆಳತಿ ಟೋಸ್, ಸಂತೆಯಲ್ಲಿ ಚೀಸ್ ಮಾರುವವಳು, ಗೇಟು ನೋಡಿ ಬಾಯಿಗೆ ಬಂದಂತೆ ಬೈದಳು.

ಆ ಗಲಾಟೆಗೆ ಎಸ್ಟೇಟಿನ ಹೊಸ ಮಾಲೀಕ ಹೋಖ್‌ಲಾಂಡ್ ಹೊರಗೆ ಬಂದ.

"ಇದು ಖಾಸಗಿ ಜಾಗ, ಮೇಡಂ. ಹೆದ್ದಾರಿ ಪಕ್ಕ ಸೈಕಲ್ ದಾರಿ ಇದೆಯಲ್ಲ, ಅಲ್ಲಿ ಹೋಗಿ."

"ಅಲ್ಲಿ ಲಾರಿ ಹೊಗೆ ಕುಡೀಬೇಕಷ್ಟೆ. ಈ ದಾರೀಲಿ ಜನ ಯಾವ ಕಾಲದಿಂದ್ಲೂ ಓಡಾಡ್ತಿದಾರೆ, ಸ್ವಾಮಿ," ಎಂದಳು ನೆಲ್ಲೆಕೆ.

"ನಾನಂತೂ ಯಾರನ್ನೂ ನೋಡಿಲ್ಲ."

"ನೀವು ಬಂದು ನಾಲ್ಕು ತಿಂಗಳು. ಅದೂ ಚಳಿಗಾಲ. ಪರದೆ ಸರಿಸಿದ್ರೆ ತಾನೇ ಕಾಣೋದು!" ಟೋಸ್ ಬಿಡಲಿಲ್ಲ.

ಅವನು ನಕ್ಕ. "ಸಾಕ್ಷಿ ಇದ್ರೆ ತನ್ನಿ, ನೋಡೋಣ."

ಆ ನಗು ನೆಲ್ಲೆಕೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಊರಿನ ವಕೀಲೆಯ ಬಳಿ ಹೋದಳು. ಜನ ಮೂವತ್ತು ವರ್ಷ ಎಡೆಬಿಡದೆ ಓಡಾಡಿದ ದಾರಿಯನ್ನು ಯಾರೂ ಹಾಗೆ ಮುಚ್ಚುವಂತಿಲ್ಲವಂತೆ. "ಆದ್ರೆ ಬರೀ ಬಾಯಿಮಾತು ಸಾಲದು, ನೆಲ್ಲೆಕೆ. ಒಂದೊಂದು ವರ್ಷಕ್ಕೂ ಏನಾದ್ರೂ ಬೇಕು," ಎಂದಳು ವಕೀಲೆ.

ಮರುದಿನದಿಂದಲೇ ಅವಳು ಮನೆಮನೆ ಹತ್ತತೊಡಗಿದಳು. ಯಾವ ಮನೆಯ ಗಂಟೆ ಕೆಟ್ಟಿದೆ, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು.

"ಇವತ್ತೇನು ಕಾಗದ ತಂದೆ, ನೆಲ್?"

"ಕೊಡೋಕಲ್ಲ, ಇವತ್ತು ಇಸ್ಕೊಳ್ಳೋಕೆ ಬಂದಿದೀನಿ. ನಿಮ್ಮ ಆಲ್ಬಮ್ ತೆಗೀರಿ."

ಕಾಫಿ ಬಂತು, ಆಲ್ಬಮ್ಮುಗಳು ಬಂದವು. ಬೀಚ್ ಮರಗಳ ಕೆಳಗೆ ಸೈಕಲ್ ಹಿಡಿದು ನಿಂತ ಮದುಮಕ್ಕಳು, ಕೆರೆ ಹೆಪ್ಪುಗಟ್ಟಿದ ವರ್ಷ ದಂಡೆಯುದ್ದಕ್ಕೂ ಒರಗಿಸಿಟ್ಟ ಸೈಕಲ್ಲುಗಳು, ಚರ್ಚಿನ ಗಾಯಕರ ತಂಡ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದು. ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ವರ್ಷವೂ ಬಿಡದೆ ಎಲ್ಲಕ್ಕೂ ಒಂದೊಂದು ಫೋಟೋ ಸಿಕ್ಕಿತು.

ಕೊನೆಯ ಫೋಟೋ ಕೊಟ್ಟವನು ದೋಣಿ ಕಟ್ಟುವ ಮುದುಕ ಸೀಬೆ. ಭೂತಗನ್ನಡಿ ಹಿಡಿದು ನೋಡುತ್ತಿದ್ದವನು ತಟ್ಟನೆ ನಿಲ್ಲಿಸಿದ. "ಇದ್ಯಾರು ನೋಡು, ಮೂಲೇಲಿ."

ಅವನ ಮಗಳ ಮದುವೆಯ ಗುಂಪಿನ ಹಿಂದೆ, ಎರಡೂ ಬದಿಗೆ ಅಂಚೆ ಚೀಲ ತೂಗಿಸಿದ ಸೈಕಲ್ ಮೇಲೆ, ಒಂದು ಕಾಲು ನೆಲಕ್ಕೂರಿ ಫೋಟೋ ಮುಗಿಯಲೆಂದು ಕಾಯುತ್ತಿರುವ ಹೆಂಗಸು.

"ನೀನೇ ಕಣೇ!"

ನೆಲ್ಲೆಕೆ ಭೂತಗನ್ನಡಿ ಇಸಿದುಕೊಂಡು ಬಗ್ಗಿ ನೋಡಿದಳು. ನಿವೃತ್ತಿಯ ದಿನ ಕೇಕ್ ತಿಂದು ಮನೆಗೆ ಬಂದವಳಿಗೆ, ಇಷ್ಟು ವರ್ಷ ತಾನು ಇದ್ದದ್ದು ಯಾರಿಗಾದರೂ ಕಂಡಿತ್ತೇ ಎಂದು ಅನಿಸಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಈಗ ಮನೆಗೆ ಓಡಿ ಎಲ್ಲ ಫೋಟೋಗಳನ್ನೂ ಮೇಜಿನ ಮೇಲೆ ಹರಡಿದಳು. ಗಾಯಕರ ಹಿಂದೆ, ಮರದ ಬದಿಯಲ್ಲಿ, ಹಿಮದಲ್ಲಿ ಸೈಕಲ್ ತಳ್ಳುತ್ತ, ಒಮ್ಮೆ ಬರೀ ಬೆನ್ನು, ಒಮ್ಮೆ ಅರ್ಧ ಮುಖ. ಹನ್ನೊಂದು ಫೋಟೋಗಳಲ್ಲಿ ಅವಳಿದ್ದಳು.

ಸೆಪ್ಟೆಂಬರಿನಲ್ಲಿ ವಿಚಾರಣೆ. ಹೋಖ್‌ಲಾಂಡನ ವಕೀಲ ಚುರುಕಾಗಿದ್ದ. "ಇವೆಲ್ಲ ಹಬ್ಬ, ಮದುವೆಯ ಫೋಟೋಗಳು. ವರ್ಷಕ್ಕೊಂದು ದಿನ ಯಾರೋ ಫೋಟೋ ತೆಗೆಸಿಕೊಳ್ಳೋಕೆ ಹೋದ್ರೆ ಅದು ದಾರಿ ಆಗುತ್ತಾ?"

ನ್ಯಾಯಾಧೀಶೆ ಫೋಟೋಗಳನ್ನು ಒಂದೊಂದಾಗಿ ಮಗುಚಿದರು, ಮತ್ತೆ ಮೊದಲಿನಿಂದ ನೋಡಿದರು. "ಇವರು ಯಾರ ಮನೆಯವರು? ಎಲ್ಲರ ಮದುವೆಯಲ್ಲೂ ಇದ್ದಾರಲ್ಲ?"

"ಅದು ನಾನು," ನೆಲ್ಲೆಕೆ ಎದ್ದು ನಿಂತಳು. "ಯಾರ ಮದುವೆಗೂ ಕರೆದಿರ್ಲಿಲ್ಲ. ಅಂಚೆ ಕೊಡೋಕೆ ಹೋಗ್ತಿದ್ದೆ."

"ಎಷ್ಟು ದಿನಕ್ಕೊಮ್ಮೆ?"

"ಭಾನುವಾರ ಬಿಟ್ಟು ದಿನಾ. ನಾನೊಬ್ಳೇ ಅಲ್ಲ. ಹಾಲಿನವನು, ಶಾಲೆ ಮಕ್ಕಳು, ಎಲ್ರೂ ಎದುರಿಗೆ ಸಿಗೋರು."

"ಭಾನುವಾರ?"

"ಭಾನುವಾರ ಗಂಡನ ಜೊತೆ ಹೋಗ್ತಿದ್ದೆ. ಅವತ್ತು ಚೀಲ ಇರ್ತಿರ್ಲಿಲ್ಲ."

ಇಡೀ ಕೋಣೆ ನಕ್ಕಿತು. ವಕೀಲ ಕಾಗದ ಜೋಡಿಸಿಕೊಳ್ಳತೊಡಗಿದ.

ಮೂರು ವಾರಕ್ಕೆ ತೀರ್ಪು ಬಂತು: ದಾರಿ ಜನರದ್ದು. ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಇಬ್ಬರು ಕೆಲಸಗಾರರು ಗೇಟನ್ನು ಕಳಚಿ ಲಾರಿಗೆ ಹಾಕಿಕೊಂಡು ಹೋದರು. ಇತ್ತ ಇನ್ನೂರು ಸೈಕಲ್ಲುಗಳು ಕಾಯುತ್ತಿದ್ದವು.

"ಹೋಗೇ, ಏನು ಮುಹೂರ್ತ ನೋಡ್ತಿದೀಯ?" ಟೋಸ್ ಬೆನ್ನಿಗೆ ಗುದ್ದಿದಳು.

ನೆಲ್ಲೆಕೆ ಪೆಡಲ್ ಒತ್ತಿದಳು. ತಾಮ್ರದ ಬಣ್ಣದ ಎಲೆಗಳು ಚಕ್ರದಡಿ ಚರಚರ ಎಂದವು. ಮರಗಳ ಸಂದಿನಲ್ಲಿ ಕೆರೆ ಹೊಳೆಹೊಳೆದು ಮರೆಯಾಗುತ್ತಿತ್ತು. ಅರವತ್ತೆರಡರ ಮೊಣಕಾಲು ನೋಯುವುದನ್ನೇ ಮರೆತಿತ್ತು. ಹಿಂದೆ ಇನ್ನೂರು ಗಂಟೆಗಳು ಒಟ್ಟಿಗೆ ಟ್ರಿಣಗುಟ್ಟಿದಾಗ ಅವಳು ಎರಡೂ ಕೈ ಬಿಟ್ಟು, ಹುಡುಗಿಯ ಹಾಗೆ, ಗಾಳಿಗೆ ತೋಳು ಚಾಚಿದಳು. ಬಂಗಲೆಯ ಮೆಟ್ಟಿಲ ಮೇಲೆ ಹೋಖ್‌ಲಾಂಡ್ ಕಪ್ ಹಿಡಿದು ನಿಂತಿದ್ದ. "ನಮಗೂ ಇದ್ಯಾ ಕಾಫಿ?" ಎಂದು ಟೋಸ್ ಕೂಗಿದಳು. ಅವನು ಕಪ್ಪನ್ನು ಒಂದಿಷ್ಟು ಮೇಲೆತ್ತಿದ.

ಎಲ್ಲರೂ ಮುಂದಿನ ಊರಿನ ಪ್ಯಾನ್‌ಕೇಕ್ ಅಂಗಡಿಯತ್ತ ಹೋದ ಮೇಲೂ ನೆಲ್ಲೆಕೆ ದಂಡೆಯ ಬೆಂಚಿನ ಮೇಲೆ ಉಳಿದಳು. ಬೇರೆ ಊರಿನ ಗಂಡ ಹೆಂಡತಿಯ ಜೋಡಿಯೊಂದು ನಕ್ಷೆ ಹಿಡಿದು ಸೈಕಲ್ ನಿಲ್ಲಿಸಿತು.

"ಈ ಕಡೆ ಹೋಗಬಹುದಾ?" ಹೆಂಗಸು ಕೇಳಿದಳು.

"ಹೋಗಿ."

ಅವರು ಹೊರಟರು. ಹಳದಿ ಕೋಟೊಂದು, ನೀಲಿ ಕೋಟೊಂದು, ಮರಗಳ ನಡುವೆ ಸಣ್ಣದಾಗುತ್ತ ಹೋದವು. ಜೊಂಡಿನಿಂದ ಎರಡು ನೀರುಕೋಳಿಗಳು ಹೊರಬಂದು ಕೆರೆಯ ನಡುವಿಗೆ ಈಜಿದವು.