ಉಳಿದದ್ದು ಬುಡು ಒಂದೇ

ಮೊದಲನೇ ದಿನವೇ ಸಿದ್ದೇಶ ಹೇಮಶ್ರೀಯ ಹುಬ್ಬು ಒಡೆದ.

ಬೇಕೆಂದು ಒಡೆದದ್ದಲ್ಲ. ಅವನ ಮುಂದೆ ಟ್ರೇಯಲ್ಲಿ ಲೋಟ, ಬಾಚಣಿಗೆ, ಬೀಗದ ಕೈ, ಚಮಚ ಎಲ್ಲ ಇಟ್ಟುಕೊಂಡು ಅವಳು ಒಂದೊಂದರ ಹೆಸರು ಕೇಳುತ್ತಿದ್ದಳು. ಲೋಟ ತೋರಿಸಿದರೆ ಅವನು ‘ಬುಡು’ ಎಂದ. ಬಾಚಣಿಗೆಗೂ ‘ಬುಡು’ ಎಂದ. ಹೀಗೆ ಒಂದೇ ಮಾತು ತಾನಾಗಿ ಬರುವವರನ್ನು ತಡೆದು ನಿಲ್ಲಿಸಿ ಬೇರೆ ಮಾತಿಗೆ ದಾರಿ ಮಾಡಬೇಕು ಎಂದು ಪಾಠದಲ್ಲಿ ಕಲಿತದ್ದಿತ್ತಲ್ಲ, ಅವಳು ಅಂಗೈ ಎತ್ತಿ ಅವನ ಮುಖದೆದುರು ಹಿಡಿದಳು. ಎತ್ತಿದ ಕೈ ಕಂಡದ್ದೇ ತಡ, ಅವನ ಎಡಗೈ ಟ್ರೇಯನ್ನು ಅಡಿಯಿಂದ ಚಿಮ್ಮಿಸಿತು. ಸ್ಟೀಲ್ ಲೋಟದ ಅಂಚು ಹುಬ್ಬಿಗೆ ಬಡಿದು, ರಕ್ತ ಕಣ್ಣಿಗಿಳಿದು, ಎದುರಿಗೆ ಕೂತಿದ್ದ ಆ ದೊಡ್ಡ ಆಳು ಅವಳಿಗೆ ಪೂರ್ತಿ ಕೆಂಪಾಗಿ ಕಂಡ.

‘ಕೇಸು ಬೇರೆಯವರಿಗೆ ಕೊಡ್ಲೇನೇ?’ ಎಂದರು ಮಾಲವಿಕಾ ಮೇಡಂ, ಅವಳು ಹೊಲಿಗೆ ಹಾಕಿಸಿಕೊಂಡು ಬಂದಾಗ. ವಾಕ್ ಚಿಕಿತ್ಸೆಯ ಎಂ.ಎಸ್ಸಿ. ಎರಡನೇ ವರ್ಷದವರಿಗೆಲ್ಲ ಕ್ಲಿನಿಕ್ಕಿನಲ್ಲಿ ಅವರೇ ಮೇಲ್ವಿಚಾರಕರು.

‘ಬೇಡ ಮೇಡಂ. ಧ್ವನಿ ತುಂಬ ಚೆನ್ನಾಗಿದೆ.’

‘ಯಾರದ್ದೇ?’

‘ಅವರದ್ದೇ. ಇರೋದು ಒಂದೇ ಮಾತು, ಆದ್ರೆ ಅದರೊಳಗೆ ಒಂದು ಸಂತೆ ನಡೀತಿದೆ.’

ಮೇಡಂ ನಕ್ಕರು. ಸರಸ್ವತಿಪುರದ ಪಿ.ಜಿ.ಯಿಂದ ಸಿಟಿ ಬಸ್ಸಿನಲ್ಲಿ ಬರುವಾಗಲೂ ಈ ಹುಡುಗಿ ಕಣ್ಣು ಮುಚ್ಚಿ ಹಿಂದಿನ ಸೀಟಿನವರ ದನಿ ಕೇಳುತ್ತಾ ಸ್ಟಾಪು ದಾಟಿಸಿಕೊಳ್ಳುತ್ತಾಳೆ ಎಂಬುದು ಇಡೀ ಕ್ಲಾಸಿಗೆ ಗೊತ್ತಿದ್ದ ವಿಷಯ.

ಸಿದ್ದೇಶನದು ಹಿನಕಲ್. ಅಣ್ಣ ಲೋಕೇಶನ ಜೊತೆ ಸೇರಿ ಮದುವೆ ಮನೆಗಳಿಗೆ ಶಾಮಿಯಾನ ಹಾಕುತ್ತಿದ್ದವನು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದ ಎಂದು ಮನೆಯವರು ಬರೆಸಿದ್ದರು. ಎಡಗಡೆ ಬುರುಡೆ ಒಳಕ್ಕೆ ಕುಸಿದಿತ್ತು. ಬಲಗೈ ಜೋತುಬಿದ್ದಿತು, ಮಾತು ಹೋಯಿತು. ಬೇರೆಯವರು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಿರುಗಿ ಹೇಳುವುದಕ್ಕೆ ಉಳಿದದ್ದು ಬುಡು ಒಂದೇ.

‘ಚಿಕ್ಕೋನಿಂದ ಕಂಡೋರ್ನೆಲ್ಲ ಬಯ್ಕಂಡು ತಿರುಗ್ತಿದ್ದೋನು,’ ಎನ್ನುತ್ತಿದ್ದರು ಅವನ ತಾಯಿ ಬೋರಮ್ಮ. ‘ಈಗ ನೋಡಿದ್ರೆ ಎಲ್ಲಾನೂ ಬುಡು ಅಂತಾನೆ. ಸನ್ಯಾಸಿ ಆಗ್ಬುಟ್ಟ ಕಣವ್ವ. ಮುದ್ದೆ ತಟ್ಟೆ ಮುಂದೆ ಕುಂತಾಗ ಮಾತ್ರ ಸನ್ಯಾಸ ಇರಾಕಿಲ್ಲ.’

ಸಿದ್ದೇಶ ಅರ್ಧ ನಗುತ್ತಾ ‘ಬುಡು’ ಎನ್ನುತ್ತಿದ್ದ. ಅದೊಂದು ಬಗೆಯ ಬುಡು. ನೀರು ಬೇಕಾದರೆ ಮಾತಿನ ಬಾಲ ಮೇಲಕ್ಕೇಳುತ್ತಿತ್ತು. ನೋವಾದರೆ ಮೂಗಿನಲ್ಲಿ ಮೊಟಕಾಗಿ ಬರುತ್ತಿತ್ತು. ಹೇಮಶ್ರೀಗೆ ಇವೆಲ್ಲ ಬೇಗ ಗುರುತಾದವು. ಒಂದು ಮಾತ್ರ ಆಗಲಿಲ್ಲ. ಲೋಕೇಶ ಬಾಗಿಲು ತೆರೆದು ಒಳಗೆ ಬಂದಾಗ ಅದು ಎದೆಯ ಆಳದಿಂದ, ಒಂದರ ಮೇಲೊಂದು ಬಿದ್ದು ಬರುತ್ತಿತ್ತು: ‘ಬುಡು ಬುಡು.’ ಆಮೇಲೂ ನಾಲಿಗೆ ಅಂಗುಳಕ್ಕೆ ತಗುಲಿ ಇನ್ನೇನನ್ನೋ ಹುಡುಕಾಡುತ್ತಿತ್ತು. ಪ್ರತಿ ಸಲವೂ ಹೇಮಶ್ರೀ, ಈಗ ಟ್ರೇ ದೂರ ಸರಿಸಿ, ಮೆಲ್ಲಗೆ ಅಂಗೈ ಎತ್ತಿ ಅದನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಲೋಕೇಶ ಬಹಳ ಮರ್ಯಾದಸ್ಥ. ಕೋಣೆಗೆ ಬಂದವನು ಮೊದಲು ಗೋಡೆಯ ದೊಡ್ಡ ಕನ್ನಡಿ ಮುಂದೆ ನಿಂತು ಮೀಸೆ ಬಾಚಿಕೊಳ್ಳುತ್ತಿದ್ದ. ಆ ಕನ್ನಡಿ ಈ ಕಡೆಯಿಂದ ಕನ್ನಡಿ, ಆ ಕಡೆಯ ಕತ್ತಲೆ ಕೋಣೆಯಿಂದ ಬರೀ ಗಾಜು. ಅಲ್ಲಿ ಕೂತು ಪಾಠ ನೋಡುವ ಜೂನಿಯರ್‌ಗಳು ಅವನ ಮೀಸೆ ನೋಡಿ ಬಾಯಿಗೆ ದುಪಟ್ಟಾ ತುರುಕಿಕೊಳ್ಳುತ್ತಿದ್ದರು.

‘ಮಾತು ಬರುತ್ತಾ ಮಿಸ್?’ ಎಂದು ದಿನವೂ ಕೇಳುತ್ತಿದ್ದ. ‘ಏನಾರಾ ಹೇಳಿದ್ನಾ? ಹೆಸರು ಗಿಸರು?’

ತಮ್ಮನ ಮೇಲೆ ಎಷ್ಟು ಜೀವ ಎಂದುಕೊಂಡಿದ್ದಳು ಹೇಮಶ್ರೀ.

ಒಂದು ದಿನ ಮಾಲವಿಕಾ ಮೇಡಂ ಕಾಫಿ ಕುಡಿಯುತ್ತಾ ಅಂದರು: ‘ಪೆಟ್ಟು ಬಿದ್ದ ಗಳಿಗೆಯಲ್ಲಿ ನಾಲಿಗೆ ಮೇಲಿದ್ದ ಮಾತೇ ಕೆಲವರಲ್ಲಿ ಉಳ್ಕೊಂಡುಬಿಡುತ್ತೆ ಅಂತ ಹಳೇ ವೈದ್ಯರು ಬರೆದಿದಾರೆ. ಎಲ್ಲರಿಗೂ ಅಲ್ಲ. ಸುಮ್ನೆ ತಲೇಲಿ ಇಟ್ಕೋ.’

ಹೇಮಶ್ರೀ ಅದನ್ನು ತಲೆಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ಹೊರಳಾಡಿದಳು. ಕಾಲು ಜಾರಿದವನು ಅಯ್ಯೋ ಅಂತಾನೆ, ಅವ್ವ ಅಂತಾನೆ. ಒಗೆಯುವ ಕಲ್ಲಿಗೆ ಯಾರಾದರೂ ಬುಡು ಅಂತಾರೆಯೇ?

ಮುಂದಿನ ವಾರ ಲೋಕೇಶ ಬಾಗಿಲಲ್ಲೇ ನಿಂತು ಹೇಳಿದ: ‘ಇವತ್ತೇ ಕೊನೆ ಮಿಸ್. ಅವನೇ ಬುಡು ಬುಡು ಅಂತವ್ನೆ, ನಾವೂ ಬುಟ್ಬುಡೋಣ. ಮನೇಲಿ ಏನ್ ಮಾಡಿಸ್ಬೇಕೋ ನಮ್ಮನೆಯವಳಿಗೆ ಹೇಳ್ಕೊಡಿ.’ ಹೊರಗೆ ಕಾವಲುಗಾರ ಮಹದೇವಸ್ವಾಮಿ ಅವನ ಗಾಡಿ ತೆಗೆಯಲು ಸೀಟಿ ಊದುತ್ತಿದ್ದ. ಲೋಕೇಶ ಗೊಣಗುತ್ತಾ ಹೋದ.

ಬೋರಮ್ಮ ಅಷ್ಟರಲ್ಲಾಗಲೇ ಗಾಜಿನ ಆಚೆಯ ಕೋಣೆಯಲ್ಲಿ ಮೇಡಂ ಪಕ್ಕ ಕೂತಿದ್ದರು. ಅಮ್ಮ ಎದುರಿಗಿದ್ದರೆ ಮಗ ಬರೀ ನಗುತ್ತಾನೆ ಎಂದು ಹೇಮಶ್ರೀಯೇ ಅಲ್ಲಿಗೆ ಕಳಿಸಿದ್ದಳು. ಈ ಕೋಣೆಯ ಮಾತು ಮೈಕಿನಿಂದ ಅಲ್ಲಿಗೆ ಕೇಳುತ್ತಿತ್ತು.

ಲೋಕೇಶನ ಹೆಂಡತಿ ವಾಣಿ ಕ್ಲಿನಿಕ್ಕಿಗೆ ಬಂದದ್ದು ಅದೇ ಮೊದಲು. ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದಳು. ಅವಳನ್ನು ಕಂಡು ಸಿದ್ದೇಶನ ಕಣ್ಣು ತುಂಬಿತು.

‘ಚೆನ್ನಾಗಿದ್ದೀರಾ ಅಕ್ಕ?’ ಎಂದಳು ಹೇಮಶ್ರೀ.

‘ಹ್ಞೂಂ, ಮಿಸ್.’

ಎರಡೇ ಮಾತು. ಆದರೆ ಆ ದನಿ ಕೇಳಿ ಹೇಮಶ್ರೀ ಕುರ್ಚಿ ಮುಂದಕ್ಕೆಳೆದುಕೊಂಡಳು. ಗಾಳಿ ಸೋರುವ, ನಡುವೆ ಕಡಿದು ಹೋಗುವ, ತರಿತರಿಯಾದ ದನಿ.

‘ಆ... ಅಂತ ಉದ್ದಕ್ಕೆ ಅನ್ನಿ.’

ವಾಣಿಯ ‘ಆ’ ಹುಟ್ಟಿದಲ್ಲೇ ಮುರಿಯಿತು. ಉಗುಳು ನುಂಗುವಾಗ ಮುಖ ಕಿವುಚಿದಳು. ‘ಥಂಡಿ ಮಿಸ್, ಗಂಟಲು ಕಟ್ಕಂಡದೆ.’

‘ಥಂಡಿಯ ದನಿ ನನಗೆ ಗೊತ್ತು ಅಕ್ಕ. ಇದು ಅದಲ್ಲ. ಕತ್ತು ಹಿಸುಕಿದ್ದು ಯಾರು?’

ಗಾಜಿನ ಆಚೆ ಬೋರಮ್ಮ ಇದ್ದಾರೆ ಎಂಬುದು ಹೇಮಶ್ರೀಗೆ ಮರೆತಿರಲಿಲ್ಲ. ಮರೆತಂತೆ ಕೂತಳು.

ವಾಣಿ ಬಾಗಿಲ ಕಡೆ ನೋಡಿದಳು. ಸೆರಗು ಸ್ವಲ್ಪ ಸಡಿಲಿಸಿದಳು. ಗಂಟಲಿನ ಎರಡೂ ಬದಿ ಬೆರಳುಗಳ ಗುರುತು ನೇರಳೆಗಟ್ಟಿತ್ತು.

‘ಮೊನ್ನೆದು ಇದು,’ ಎಂದು ಪಿಸುಗುಟ್ಟಿದಳು. ‘ಅವತ್ತೂ ಹಿಂಗೇ ಹಿಡಿದಿದ್ರು, ಒಗೆಯೋ ಕಲ್ಲಿಗೆ ಒತ್ತಿ. ಕಣ್ಣು ಕತ್ಲಾಗೋಯ್ತು. ಸಿದ್ದೇಶ ಓಡಿಬಂದು ಬುಡಣ್ಣ, ಬುಡಣ್ಣ ಅಂತ ಅವ್ರ ಬೆರಳು ಬಿಡಿಸ್ತಿದ್ದ. ಇವ್ರು ಶಾಮಿಯಾನದ ಪೈಪು ತಕ್ಕಂಡು ತಲೆಗೆ ಬುಟ್ರು. ಬಿದ್ದ ಮೇಲೂ ಬುಟ್ರು. ಈಗ ಇವನಿಗೆ ಮಾತು ಬಂದ್ಬುಟ್ರೆ ಅಂತ ಅವ್ರಿಗೆ ನಿದ್ದೆ ಇಲ್ಲ ಮಿಸ್. ಮನೆಗೆ ಹೋದ್ರೆ ನಮ್ಮಿಬ್ರಲ್ಲಿ ಒಬ್ರು ಉಳಿಯಾಕಿಲ್ಲ.’

‘ಹೋಗ್ಬೇಡಿ,’ ಎಂದಳು ಹೇಮಶ್ರೀ. ‘ಇವತ್ತು ಆ ಮನೆಗೆ ಹೋಗ್ಬೇಡಿ.’

ಬಾಗಿಲು ತೆರೆಯಿತು. ಲೋಕೇಶ ಈ ಸಲ ಕನ್ನಡಿ ನೋಡಲಿಲ್ಲ. ಹೆಂಡತಿಯ ಸಡಿಲವಾದ ಸೆರಗು ನೋಡಿದ.

‘ಏನೇ ಊದ್ತಿದ್ದೆ ಮಿಸ್ ಕಿವೀಗೆ?’

‘ಏನಿಲ್ಲ.’

‘ಏನಿಲ್ವಾ,’ ಎಂದು ಮೆಲ್ಲಗೆ, ಮರ್ಯಾದೆಯಿಂದಲೇ ಅಂದ. ಮರುಕ್ಷಣ ಅವಳ ಜಡೆ ಅವನ ಮುಷ್ಟಿಯಲ್ಲಿತ್ತು. ಕುರ್ಚಿಯಿಂದ ಎಳೆದು ಅವಳ ಹಣೆಯನ್ನು ಕನ್ನಡಿಗೆ ಅಪ್ಪಳಿಸಿದ. ಗಾಜು ಉದ್ದಕ್ಕೆ ಸೀಳಿತು. ಅಡ್ಡ ಬಂದ ಹೇಮಶ್ರೀಯ ಬಾಯಿಗೆ ಅವನ ಮೊಣಕೈ ಬಿತ್ತು. ಹಲ್ಲು ತುಟಿಗೆ ನಾಟಿ, ಅವಳು ಮೇಜಿನ ಮೇಲೆ ಬಿದ್ದಳು. ಟ್ರೇ, ಲೋಟ, ಬಾಚಣಿಗೆ ಎಲ್ಲ ಮತ್ತೆ ನೆಲದ ಪಾಲಾದವು.

‘ಬುಡು.’

ಸಿದ್ದೇಶ ಎದ್ದು ನಿಂತಿದ್ದ. ಅದೇ ಆಳದ ಬುಡು. ಹೇಮಶ್ರೀ ಈ ಸಲ ಕೈ ಎತ್ತಲಿಲ್ಲ.

‘ಬುಡು ಬುಡು...’ ನಾಲಿಗೆ ಅಂಗುಳಕ್ಕೆ ತಗುಲಿತು, ತಡಕಾಡಿತು, ಕತ್ತಿನ ನರಗಳು ಉಬ್ಬಿದವು. ‘...ಅಣ್ಣ. ಬುಡಣ್ಣ.’

ಲೋಕೇಶನ ಮುಖದ ಬಣ್ಣ ಹೋಯಿತು. ಆದರೆ ಜಡೆ ಬಿಡಲಿಲ್ಲ. ಇನ್ನೊಂದು ಸಲ ಅವಳ ತಲೆಯನ್ನು ಗಾಜಿನತ್ತ ತಳ್ಳುವಷ್ಟರಲ್ಲಿ ಸಿದ್ದೇಶ ಎಡಗೈಯಲ್ಲಿ ಕಬ್ಬಿಣದ ಕುರ್ಚಿ ಎತ್ತಿ ಬೀಸಿದ. ಕುರ್ಚಿ ಅಣ್ಣನ ಭುಜ ಸವರಿಕೊಂಡು ಹೋಗಿ ಕನ್ನಡಿಗೆ ನುಗ್ಗಿತು. ಇಡೀ ಗೋಡೆ ಕುಸಿದಂತೆ ಗಾಜು ಸುರಿಯಿತು. ಅದರ ಮೇಲೇ ಮೂವರೂ ಬಿದ್ದರು. ಸಿದ್ದೇಶ ಅಣ್ಣನ ಎದೆಯ ಮೇಲೇರಿ ಗಂಟಲಿಗೆ ಕೈ ಹಾಕಿ, ತನ್ನ ಮೈ ಭಾರವನ್ನೆಲ್ಲ ಆ ಒಂದು ಕೈಗೆ ಬಿಟ್ಟ. ಲೋಕೇಶ ಕಾಲು ಬಡಿಯುತ್ತಿದ್ದ, ಕಣ್ಣು ಮೇಲಾಗುತ್ತಿತ್ತು, ಆಗಲೂ ಅವನ ಬೆರಳು ವಾಣಿಯ ಕೂದಲಲ್ಲೇ ಇತ್ತು.

ಕಾರಿಡಾರಿನಲ್ಲಿ ಮೇಡಂ ಮಹದೇವಸ್ವಾಮಿಯನ್ನು ಕೂಗುತ್ತಾ ಓಡುವುದು ಕೇಳಿಸಿತು. ಗಾಜು ಹೋದ ಚೌಕಟ್ಟಿನಲ್ಲಿ, ಆಚೆಯ ಕತ್ತಲೆಯಿಂದ, ಬೋರಮ್ಮ ನಿಂತು ನೋಡುತ್ತಿದ್ದರು.

‘ಬುಡ್ಲಾ,’ ಎಂದರು.

ಆ ದನಿ ಎದೆಯ ಆಳದಿಂದ ಬಂತು. ಸಿದ್ದೇಶನ ದನಿ ಎಲ್ಲಿಂದ ಬಂದದ್ದೆಂದು ಹೇಮಶ್ರೀಗೆ ಆಗ ತಿಳಿಯಿತು. ಯಾವ ಮಗನಿಗೆ ಹೇಳಿದರೋ ಅವರಿಗೇ ಗೊತ್ತು, ಇಬ್ಬರ ಕೈಯೂ ಸಡಿಲವಾಯಿತು.

ಮಹದೇವಸ್ವಾಮಿಯೂ ಇನ್ನಿಬ್ಬರೂ ಬಂದು ಲೋಕೇಶನನ್ನು ಮಗುಚಿ ಹಾಕಿ ಕೈ ಹಿಂದಕ್ಕೆ ತಿರುಚಿ ಹಿಡಿದರು. ಅವನು ಕೆಮ್ಮುತ್ತಲೇ ‘ಅವ್ವ, ಇವಳೇನೋ ಸುಳ್ಳು...’ ಎಂದು ಶುರು ಮಾಡಿದ.

‘ಅವತ್ತೂ ಇದೇ ಮಾತು ಕೇಳುಸ್ತು ಕಣ್ಲಾ, ಅಡ್ಗೆಮನೇಗೆ. ಬುಡಣ್ಣ ಬುಡಣ್ಣ ಅಂತ. ನಾನು ಕುಕ್ಕರು ಕೂಗ್ತಿತ್ತು ಅಂದ್ಕಂಡು ಕುಂತ್ಬುಟ್ಟೆ. ಒಂದು ಮಗ ಕೈ ತಪ್ಪೋದ, ಇನ್ನೊಂದ್ನಾದ್ರೂ ಉಳಿಸ್ಕಳವ ಅಂತ, ಇವನ್ನ ಸನ್ಯಾಸಿ ಮಾಡ್ಬುಟ್ಟೆ.’ ಮುದುಕಿ ಚೌಕಟ್ಟನ್ನು ಹಿಡಿದುಕೊಂಡರು. ಗಾಜಿನ ಚೂರು ಅಂಗೈಗೆ ಇಳಿದದ್ದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ‘ಪೊಲೀಸ್ನೋರು ಬರ್ಲಿ. ನಾನೇ ಎಲ್ಲಾನೂ ಹೇಳ್ತೀನಿ.’

ವಾಣಿ ಗೋಡೆಗೊರಗಿ ಕೂತು ಹಣೆಗೆ ಸೆರಗು ಒತ್ತಿಕೊಂಡಿದ್ದಳು. ಏನೋ ಹೇಳಲು ಹೋದಳು, ಬರೀ ಗಾಳಿ ಬಂತು. ಹೇಮಶ್ರೀ ಬಾಯಲ್ಲಿ ತುಂಬಿದ್ದ ರಕ್ತ ಉಗುಳಿ ಅವಳ ಪಕ್ಕ ಕುಕ್ಕರಿಸಿದಳು. ‘ಮಾತಾಡ್ಬೇಡಿ ಅಕ್ಕ. ಗಂಟಲಿಗೆ ಸುಸ್ತಾಗುತ್ತೆ. ಅಂಬುಲೆನ್ಸ್ ಬರ್ತಿದೆ.’

‘ಬುಡು,’ ಎಂದ ಸಿದ್ದೇಶ.

ಬಾಲ ಮೇಲಕ್ಕೆದ್ದ ಬುಡು. ನೀರಿನದ್ದು. ಹೇಮಶ್ರೀ ಚೂರುಗಳ ನಡುವೆ ಬಿದ್ದಿದ್ದ ಲೋಟ ಎತ್ತಿಕೊಂಡು, ಹೊರಗೆ ಹೋಗಿ ತೊಳೆದು, ತುಂಬಿಸಿ ತಂದು ಅವನ ಎಡಗೈಗೆ ಕೊಟ್ಟಳು. ಅವನು ಕುಡಿಯಲಿಲ್ಲ. ನೆಲದ ಮೇಲೆ ತೆವಳಿಕೊಂಡು ಹೋಗಿ, ತುಳುಕಿಸುತ್ತಾ, ಲೋಟವನ್ನು ಅತ್ತಿಗೆಯ ತುಟಿಗೆ ಹಿಡಿದ.