ಅಳಿಯ ಆರಿಸಿದ ಗ್ರೈಂಡರ್

ಲಿಫ್ಟ್ ಮೆಕ್ಯಾನಿಕನಿಗೆ ಎಸ್ಪ್ರೆಸೊ ಕಾಫಿಯ ಯಂತ್ರ ಸಿಕ್ಕಿದ್ದು ಪುಕ್ಕಟೆಯಾಗಿ. ಅವನು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡದ ಕೆಳಗೊಂದು ಪುಟ್ಟ ಕಾಫಿ ಅಂಗಡಿಯಿತ್ತು. ಅದನ್ನು ಮುಚ್ಚುವಾಗ ಮಾಲೀಕ, ಕೆಟ್ಟು ಮೂಲೆ ಸೇರಿದ್ದ ಯಂತ್ರವೊಂದನ್ನು, ನಿನ್ನ ಕೈಯಲ್ಲಾದರೂ ಬದುಕಿಕೊಳ್ಳಲಿ ಎಂದು ಇವನಿಗೆ ಒಪ್ಪಿಸಿದ. ಇವನು ವಾಷರ್ ಬದಲಿಸಿ, ಕೊಳವೆ ಉಜ್ಜಿ, ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದ. ಯಂತ್ರವೇನೋ ಬುಸುಗುಟ್ಟಿತು. ಬಂದ ಕಾಫಿ ಮಾತ್ರ ಪಾತ್ರೆ ತೊಳೆದ ನೀರಿನ ಹಾಗಿತ್ತು.

ತಪ್ಪು ಯಂತ್ರದ್ದಲ್ಲ, ಪುಡಿಯದ್ದು. ಅಂಗಡಿಯಿಂದ ತಂದ ಪುಡಿ ದಪ್ಪವಾಗಿತ್ತು. ನೀರು ಅದರ ನಡುವೆ ಯಾರ ಹಂಗೂ ಇಲ್ಲದಂತೆ ಓಡಿಹೋಗುತ್ತಿತ್ತು. ಮಿಕ್ಸಿಗೆ ಬೀಜ ಹಾಕಿ ನೋಡಿದ. ಅರ್ಧ ಹಿಟ್ಟಾಯಿತು, ಅರ್ಧ ನುಚ್ಚಾಯಿತು. ಬೀಜವನ್ನು ಒಂದೇ ಸಮನೆ ಬೀಸಿ ಕೊಡುವ ಗ್ರೈಂಡರ್ ಇಲ್ಲದೆ ಯಂತ್ರ ಇದ್ದೂ ಇಲ್ಲದ ಹಾಗೆ ಎಂದು ಗೊತ್ತಾದದ್ದೇ ತಡ, ಅವನು ಊಟ ಮಾಡುವಾಗಲೂ ಮೊಬೈಲಿನಲ್ಲಿ ಗ್ರೈಂಡರ್‌ಗಳನ್ನೇ ನೋಡತೊಡಗಿದ. ತನ್ನನ್ನು ಒಪ್ಪಿಕೊಳ್ಳುವುದಕ್ಕೂ ಇವರು ಇಷ್ಟು ಯೋಚಿಸಿರಲಿಲ್ಲ ಎಂದು ಹೆಂಡತಿ ನಕ್ಕಳು.

ಆ ದಿನಗಳಲ್ಲಿ ಮನೆಯಲ್ಲಿ ಅತ್ತೆಯೂ ಇದ್ದರು. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಎರಡು ಬೀದಿ ಆಚೆ, ಕೆಳಗೆ ಅಂಗಡಿ ಮೇಲೆ ಮನೆ, ಒಬ್ಬರೇ ಇದ್ದವರು. ಒದ್ದೆ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಾಗ ಮಗಳು ಹಟ ಮಾಡಿ ಕರೆತಂದಿದ್ದಳು. ಈಗ ಪ್ಲಾಸ್ಟರ್ ಬಿಚ್ಚಿದ್ದರು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಫಿಸಿಯೋಥೆರಪಿಯವಳು ಹಿಸುಕಲು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದಳು. ಅತ್ತೆ ಅದನ್ನು ಸೋಫಾದ ಸಂದಿಗೆ ತಳ್ಳಿ, ಕಾಣೆಯಾಗಿದೆ ಎನ್ನುತ್ತಿದ್ದರು. ಮಗಳು ಬೈದರೆ ಮುಖ ತಿರುಗಿಸುತ್ತಿದ್ದರು. ಇನ್ನೊಮ್ಮೆ ಸೂಜಿ ಹಿಡಿಯಲು ಆಗುವುದೋ ಇಲ್ಲವೋ ಎಂಬ ಹೆದರಿಕೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಪ್ರಯತ್ನಪಟ್ಟು ಸೋಲುವುದಕ್ಕಿಂತ ಪ್ರಯತ್ನಿಸದಿರುವುದೇ ವಾಸಿ ಅನ್ನಿಸಿರಬೇಕು.

ಅತ್ತೆ ಅಳಿಯನ ನಡುವೆ ಜಗಳವಿರಲಿಲ್ಲ. ಮಾತೂ ಇರಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತು, ನಿಮ್ದಾಯ್ತಾ?" ಇಷ್ಟೇ. ಆಮೇಲೆ ಇಬ್ಬರೂ ಕಿಟಕಿಯ ಕಡೆ ನೋಡುವರು. ಇಷ್ಟು ವರ್ಷ ಒಬ್ಬರಿಗೊಬ್ಬರು ಕೊಟ್ಟ ಮರ್ಯಾದೆಯೇ ಗೋಡೆಯಾಗಿ ನಿಂತಿತ್ತು.

ಮೊದಲು ಅವನು ಜೊತೆಗಾರನ ಮನೆಯಿಂದ ವಿದ್ಯುತ್ ಗ್ರೈಂಡರೊಂದನ್ನು ಪರೀಕ್ಷೆಗೆಂದು ತಂದ. ಬೆಳಿಗ್ಗೆ ಬೀಜ ಸುರಿದು ಗುಂಡಿ ಒತ್ತಿದನೋ ಇಲ್ಲವೋ, ಅಡುಗೆಮನೆಯಲ್ಲಿ ಕಲ್ಲು ಒಡೆಯುವ ಸದ್ದೆದ್ದಿತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದಳು. ದಿಂಬು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತಳು.

"ಈ ಮನೇಲಿ ಇದಿರಬೇಕೋ ನಾನಿರಬೇಕೋ, ಸಾಯಂಕಾಲದೊಳಗೆ ಯೋಚ್ನೆ ಮಾಡಿ ಹೇಳಿ."

ಅಷ್ಟು ಹೊತ್ತು ಯೋಚಿಸಲು ಧೈರ್ಯ ಸಾಲದೆ ಅವನು ಕೆಲಸಕ್ಕೆ ಹೋಗುವಾಗಲೇ ಅದನ್ನು ಬಗಲಲ್ಲಿಟ್ಟುಕೊಂಡು ಹೋದ.

ಇನ್ನು ಉಳಿದದ್ದು ಕೈಯಿಂದ ತಿರುಗಿಸುವ ಗ್ರೈಂಡರ್. ಅದನ್ನು ಮಾರುವ ಅಂಗಡಿ ಫಿಸಿಯೋಥೆರಪಿ ಕೋಣೆಯ ಬೀದಿಯಲ್ಲೇ ಇತ್ತು. ಅತ್ತೆಯನ್ನು ಅಲ್ಲಿಗೆ ಕರೆದೊಯ್ದ ದಿನ, ವಾಪಸು ಬರುವಾಗ ಒಂದೇ ಒಂದು ನಿಮಿಷ ಎಂದು ಹೇಳಿ ಒಳಗೆ ಹೊಕ್ಕ. ಆ ಒಂದು ನಿಮಿಷ ಎಷ್ಟು ಉದ್ದವಿರುತ್ತದೆಂದು ಬಲ್ಲ ಅತ್ತೆ ಮೊದಲೇ ಒಂದು ಸ್ಟೂಲ್ ಎಳೆದುಕೊಂಡು ಕೂತರು.

ಅಂಗಡಿಯಾಕೆ ಕೆಲವು ಗ್ರೈಂಡರ್‌ಗಳನ್ನು ತೆಗೆದಿಟ್ಟಳು. ಅವನು ಒಂದೊಂದನ್ನೂ ಬಿಚ್ಚಿ, ಒಳಗಿನ ಉಕ್ಕಿನ ಹಲ್ಲುಗಳನ್ನು ಬೆಳಕಿಗೆ ಹಿಡಿದು, ನಡುಗಂಬಿ ಅಲ್ಲಾಡುತ್ತದೆಯೇ ಎಂದು ಕಿವಿಯ ಹತ್ತಿರ ಇಟ್ಟುಕೊಂಡು ನೋಡಿದ. ಕೊನೆಗೆ ಅವನ ಮನಸ್ಸು ಕೂತದ್ದು ಕೊಳಲಿನಷ್ಟು ಸಪೂರವಾದ ಒಂದರ ಮೇಲೆ. ಅದರಲ್ಲಿ ಪುಡಿಯ ದಪ್ಪವನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡಬಹುದಿತ್ತು. ಕೈಹಿಡಿ ಮಾತ್ರ ಗಿಡ್ಡ, ತಿರುಗಿಸಲು ಬಿಗಿ.

ಬೇಸರ ಕಳೆಯಲೆಂದು ಅತ್ತೆ ಪಕ್ಕದಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡರು. ಅದು ದಪ್ಪ ಹೊಟ್ಟೆಯದು, ಕೈಹಿಡಿ ಉದ್ದ, ತುದಿಯಲ್ಲಿ ಮರದ ಗುಂಡು. ಅಂಗಡಿಯಾಕೆ ನಾಲ್ಕು ಬೀಜ ಹಾಕಿಕೊಟ್ಟಳು. ಅತ್ತೆ ಅದನ್ನು ಎದೆಗೊತ್ತಿ ಹಿಡಿದು ತಿರುಗಿಸಿದರು, ಪರಿಮಳ ಎದ್ದಿತು, ಇನ್ನಷ್ಟು ಬೀಜ ಕೇಳಿದರು. ಇದನ್ನೇ ತಗೊಳ್ಳಿ ಎಂದರು. ಅದರ ನಡುಗಂಬಿ ಒಂದಿಷ್ಟು ಅಲ್ಲಾಡುತ್ತದೆ ಎಂದು ಅವನು ವಿವರಿಸಿದ. ಪುಡಿ ಸಮನಾಗಿ ಬರುವುದಿಲ್ಲ ಎಂದ. ಹಲ್ಲುಗಳ ಕೋನದ ವಿಚಾರಕ್ಕೆ ಬಂದಾಗ ಅತ್ತೆ ಅವನನ್ನು ತಡೆದರು.

"ನಿಮಗೆ ತಿರುಗ್ಸೋ ಗ್ರೈಂಡರ್ ಬೇಕೋ, ಬಿಚ್ಚಿ ನೋಡೋ ಗ್ರೈಂಡರ್ ಬೇಕೋ?"

ಮದುವೆಯಾದಾಗಿನಿಂದ ಅತ್ತೆ ಅವನಿಗೆ ಎದುರಾಡಿದ್ದು ಅದೇ ಮೊದಲು. ಅವನು ತಿರುಗಿ ಉತ್ತರ ಕೊಡಲು ಬಾಯಿ ತೆರೆದ. ಆಗ ಅವನ ಕಣ್ಣು ಅವರ ಕೈಯ ಮೇಲೆ ಬಿತ್ತು. ಬಲಗೈ. ಐದು ಬೆರಳೂ ಮರದ ಗುಂಡನ್ನು ಸುತ್ತಿ ಹಿಡಿದಿದ್ದವು. ವಾದದ ಬಿಸಿಯಲ್ಲಿ ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ಅವನು ಸಪೂರದ್ದನ್ನು ಬದಿಗೆ ಸರಿಸಿ, ಅತ್ತೆಯ ಕೈಯಲ್ಲಿರುವುದನ್ನೇ ಕೊಡಿ ಎಂದ.

ಮನೆಯಲ್ಲಿ ಬೀಸುವ ಕೆಲಸ ಅತ್ತೆಯದಾಯಿತು. ಫಿಸಿಯೋಥೆರಪಿಯವಳು ನೋವಾದರೆ ನಿಲ್ಲಿಸಬೇಕೆಂಬ ಕರಾರಿನ ಮೇಲೆ ಒಪ್ಪಿದಳು. ಪುಡಿ ಮೊದಲು ದಪ್ಪವಾಗಿ ಬಂತು, ಕಾಫಿ ಹುಳಿ ಹುಳಿ. ತಿರುಪು ಬಿಗಿ ಮಾಡಿದರೆ ಪುಡಿ ತೀರ ನುಣುಪಾಗಿ, ಯಂತ್ರ ಏದುಸಿರು ಬಿಟ್ಟು ಕಪ್ಪನೆಯ ಕಹಿ ಹನಿಗಳನ್ನು ಕೆಡವಿತು. ದಿನಾ ತಿರುಪನ್ನು ಒಂದಿಷ್ಟು ಸಡಿಲಿಸುತ್ತ, ಬಿಗಿಮಾಡುತ್ತ, ಇಬ್ಬರೂ ಮುಖ ಕಿವುಚಿಕೊಂಡು ರುಚಿ ನೋಡಿದರು. ಒಂದು ಬೆಳಿಗ್ಗೆ ಅತ್ತೆ ಸುಸ್ತಾದಂತೆ ಕಂಡಾಗ ಅವನು ಕೈ ಚಾಚಿದ.

"ಸುಮ್ನಿರೋ. ನೀನು ನಿನ್ನ ಯಂತ್ರ ನೋಡ್ಕೋ," ಎಂದರು ಅತ್ತೆ.

ಇಷ್ಟು ವರ್ಷದ 'ನೀವು' ಬಾಯಿತಪ್ಪಿ 'ನೀನು' ಆಗಿತ್ತು. ಅತ್ತೆ ಅದನ್ನು ತಿದ್ದಲಿಲ್ಲ, ತಿರುಗಿಸುತ್ತಲೇ ಇದ್ದರು. ಅವನು ಬೆನ್ನು ತಿರುಗಿಸಿ ಯಂತ್ರದ ಕಡೆ ನಿಂತು ನಗು ನುಂಗಿಕೊಂಡ. ಆವತ್ತು ಕಾಫಿ ಜೇನಿನ ಎಳೆಯಂತೆ ಇಳಿಯಿತು. ಅತ್ತೆ ಅದಕ್ಕೆ ಎರಡು ಚಮಚ ಸಕ್ಕರೆ ಸುರಿದರು. ಆ ಅನ್ಯಾಯ ನೋಡಲಾರದೆ ಅವನು ಕಣ್ಣು ಮುಚ್ಚಿಕೊಂಡ.

ಕೈ ನಿಧಾನವಾಗಿ ಹಿಡಿತಕ್ಕೆ ಬಂತು. ಒಂದು ಮಧ್ಯಾಹ್ನ ಅತ್ತೆ ಮಗಳ ಹರಿದ ಅಡುಗೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ದಾರ ಪೋಣಿಸಿ ಹೊಲಿದರು. ಹೊಲಿಗೆ ಸೊಟ್ಟಗಿತ್ತು. ಬಿಚ್ಚಿ ಮತ್ತೆ ಹೊಲಿದರು. ಆ ವಾರವೇ ಗಂಟುಮೂಟೆ ಕಟ್ಟಿ ತಮ್ಮ ಮನೆಗೆ ಹೊರಟರು. ಮರುದಿನ ಬೆಳಿಗ್ಗೆ ಅವನು ನೋಡುತ್ತಾನೆ, ಕಟ್ಟೆಯ ಮೇಲೆ ಗ್ರೈಂಡರ್ ಇಲ್ಲ. ಫೋನ್ ಮಾಡಿದರೆ, ಅದು ನನ್ನ ಕೈಯ ಔಷಧಿ, ಔಷಧಿಯನ್ನು ಯಾರಾದರೂ ಬಿಟ್ಟುಬರುತ್ತಾರೆಯೇ ಎಂದು ಅತ್ತೆ ಅವನನ್ನೇ ಕೇಳಿದರು.

ಅವನು ಮತ್ತೆ ಅಂಗಡಿಗೆ ಹೋದ. ಆ ಸಪೂರದ ಗ್ರೈಂಡರ್ ಇನ್ನೂ ಅಲ್ಲೇ ಇತ್ತು. ಎತ್ತಿ ನೋಡಿದ, ತಿರುಗಿಸಿದ, ಕಿವಿಗೆ ಹಿಡಿದ. ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಯಾಕೋ ಬೇಡವೆನ್ನಿಸಿ ಬರಿಗೈಯಲ್ಲಿ ಬಂದ. ಭಾನುವಾರ ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡು ಎರಡು ಬೀದಿ ದಾಟಿ ರಟ್ಟಿನಂಗಡಿಗೆ ಹೋದ. ಅತ್ತೆ ಏನೂ ಕೇಳದೆ ಅಂಟಿನ ಡಬ್ಬಿಗಳನ್ನು ಸರಿಸಿ ಜಾಗ ಮಾಡಿಕೊಟ್ಟರು.

ಈಗ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವನು ಅಲ್ಲಿರುತ್ತಾನೆ. ಅವರು ಬೀಸುತ್ತಾರೆ, ಇವನು ಇಳಿಸುತ್ತಾನೆ, ಸಕ್ಕರೆಯ ಬಗ್ಗೆ ಇಬ್ಬರೂ ವಾದಿಸುತ್ತಾರೆ. ಪಾಳಿ ಮುಗಿಸಿ ಮನೆಗೆ ಬರುವ ಹೆಂಡತಿಗೆ ಸದ್ದಿಲ್ಲದ ಅಡುಗೆಮನೆ, ಸುಖವಾದ ನಿದ್ದೆ. ಆದರೂ ಆಸ್ಪತ್ರೆಯಲ್ಲಿ ಜೊತೆಯವರ ಹತ್ತಿರ ಅವಳದೊಂದು ದೂರು ಇದ್ದೇ ಇದೆ.

"ಗಂಡನ ಮೇಲೆ ಸಿಟ್ಟು ಬಂದ್ರೆ ತವರಿಗೆ ಹೋಗೋ ಹಾಗೂ ಇಲ್ಲ ಕಣ್ರೇ. ನಾನು ಹೋಗೋ ಅಷ್ಟ್ರಲ್ಲಿ ಅವರು ಅಲ್ಲಿರ್ತಾರೆ."