ನಿಲ್ಲುವ ಪಾಠ

ಬ್ಲೇಜ್‌ನ ಅಪ್ಪ ಸತ್ತದ್ದು ತನ್ನದೇ ಕುದುರೆಯ ಕಾಲಡಿಗೆ ಸಿಕ್ಕಿ. ಅದಕ್ಕೇ ಬ್ಲೇಜ್ ತನ್ನ ಬೂದುಬಣ್ಣದ ಹೆಣ್ಣುಕುದುರೆ ರೊಜೆತ್‌ಳನ್ನು ಪಳಗಿಸುವಾಗ ಉಳುಮೆಗೂ ಮೊದಲು ಒಂದು ಪಾಠ ಕಲಿಸಿದ: ಎದುರಿಗೆ ಮನುಷ್ಯ ಬಿದ್ದಿದ್ದರೆ ನಿಲ್ಲಬೇಕು. ತಾನೇ ಹೋಗಿ ನೇಗಿಲ ಸಾಲಿಗೆ ಅಡ್ಡ ಮಲಗುತ್ತಿದ್ದ. ನಿಂತರೆ ಅವಳಿಗೆ ಒಂದು ಸೇಬು. ಪಕ್ಕದ ಹೊಲದ ಆಲ್ಸಿದ್ ಬೇಲಿ ಹಾರಿ ಬಂದು ತಾನೂ ಮಲಗುತ್ತಿದ್ದ.

"ಹೆಂಡ್ತಿ ಮುಂದೂ ಹಿಂಗೇ ಅಡ್ಡ ಬೀಳ್ತೀಯೇನೋ? ನಂಗೂ ಒಂದು ಸೇಬು ಕೊಡೋ, ನಾನೇನು ಪುಕ್ಕಟೆ ಮಲಗಿದೀನಾ?"

ಆಗಸ್ಟ್‌ನಲ್ಲಿ ಇಗರ್ಜಿಯ ಗಂಟೆ ಹೊಡೆದು ಜರ್ಮನ್ನರೊಂದಿಗೆ ಯುದ್ಧ ಬಂತು. ಸೈನ್ಯ ಇಬ್ಬರನ್ನೂ ಕರೆಯಿತು, ರೊಜೆತ್‌ಳನ್ನೂ ಕಿತ್ತುಕೊಂಡಿತು. ಬ್ಲೇಜ್ ಸಾರ್ಜೆಂಟನ ಕೈಕಾಲು ಹಿಡಿದು, ಮನೆಯ ಸೇಬಿನ ಬ್ರಾಂದಿ ಕುಡಿಸಿ, ಅವಳನ್ನು ತಾನು ಸೇರಿದ್ದ ತೋಪುಗಾಡಿಗೇ ಹಾಕಿಸಿಕೊಂಡ. ತೋಪು ಎಳೆಯಲು ಮೂರು ಜೋಡಿ ಕುದುರೆ, ಜೋಡಿಗೊಬ್ಬ ಸವಾರ. ಮುಂದಿನ ಜೋಡಿಗೆ ಆಲ್ಸಿದ್, ನಡುವಿನ ಜೋಡಿಯ ರೊಜೆತ್ ಮೇಲೆ ಬ್ಲೇಜ್. ನಮ್ಮ ಎಪ್ಪತ್ತೈದು ಮಿಲಿಮೀಟರಿನ ತೋಪಿದ್ದರೆ ಬರ್ಲಿನ್‌ವರೆಗೆ ಸಲೀಸು ಎಂದೇ ಎಲ್ಲರೂ ನಂಬಿದ್ದರು. ಪಾಪ, ನಿಜವಾಗಿಯೂ ನಂಬಿದ್ದರು.

ತಿಂಗಳು ತುಂಬುವುದರೊಳಗೆ ಹಿಂದಕ್ಕೆ ಓಟ ಶುರುವಾಯಿತು. ಎರಡೂ ಕಡೆ ಎತ್ತರದ ದಿಬ್ಬವಿದ್ದ ಇಕ್ಕಟ್ಟಿನ ದಾರಿ. ಇವರ ಬೆನ್ನಿಗೇ ಬೇರೆ ತೋಪುಗಳು, ಅವುಗಳ ಹಿಂದೆ ಜರ್ಮನ್ನರು. ಇದ್ದಕ್ಕಿದ್ದಂತೆ ಗುಂಡು ತಗುಲಿ ಆಲ್ಸಿದ್ ಹೊಟ್ಟೆ ಹಿಡಿದುಕೊಂಡು ಉರುಳಿ ಬಿದ್ದ, ಸರಿಯಾಗಿ ರೊಜೆತ್‌ಳ ಕಾಲ ಮುಂದೆ.

ರೊಜೆತ್ ನಿಂತುಬಿಟ್ಟಳು. ನಾಲ್ಕೂ ಕಾಲೂರಿ, ಹೊಲದಲ್ಲಿ ನಿಲ್ಲುತ್ತಿದ್ದ ಹಾಗೇ. ಇಡೀ ಸಾಲು ನಿಂತಿತು.

"ನಡಿಯೋ!" ಹಿಂದಿನಿಂದ ಲೆಫ್ಟಿನೆಂಟ್ ಕಿರುಚಿದ. "ತೋಪು ಅವರ ಕೈಗೆ ಸಿಗಬಾರದು!"

"ಸಾಹೇಬ್ರೇ, ಇವನಿಗೆ ಜೀವ ಐತೆ! ಇಳಿದು ಒಂಚೂರು ಪಕ್ಕಕ್ಕೆ ಎಳೀತೀನಿ..."

"ಇಳಿದ್ರೆ ಗುಂಡು ಹಾರಿಸ್ತೀನಿ! ಹಿಂದೆ ಎಷ್ಟು ಜನ ಇದಾರೆ ನೋಡು!" ಪಿಸ್ತೂಲು ಹಿಡಿದಿದ್ದ ಲೆಫ್ಟಿನೆಂಟೂ ಅಳುತ್ತಿದ್ದ.

ಕೆಳಗಿನಿಂದ ಆಲ್ಸಿದ್ ಕಣ್ಣು ಬಿಟ್ಟು ನೋಡಿದ. "ಬ್ಲೇಜ್, ಸ್ವಲ್ಪ ತಡಿಯೋ," ಎಂದ.

ಬ್ಲೇಜ್ ಚಾಟಿ ಎತ್ತಿದ. ಅವಳ ಮೈಮೇಲೆ ಚಾಟಿ ಬಿದ್ದದ್ದು ಅದೇ ಮೊದಲು. ರೊಜೆತ್ ನಡುಗಿದಳು, ಕಾಲೆತ್ತಲಿಲ್ಲ. ಮತ್ತೆ ಹೊಡೆದ. ಬೈಯುತ್ತ, ಅಳುತ್ತ, ರಕ್ತ ಬರುವ ಹಾಗೆ ಹೊಡೆದ. ಕೊನೆಗೆ ಅವಳು ಕಾಲೆತ್ತಿದಳು. ಅವಳ ಹಿಂದೆ ತೋಪಿನ ಗಾಲಿಗಳೂ ಬಿದ್ದವನ ಮೇಲೆ ಹಾದುಹೋದವು. ಬ್ಲೇಜ್ ಹಿಂತಿರುಗಿ ನೋಡಲಿಲ್ಲ.

ತೋಪು ಉಳಿಯಿತು. ಸಂಜೆ ಲೆಫ್ಟಿನೆಂಟ್ ಅವನ ಹೆಗಲು ತಟ್ಟಿ ಹೋದ.

ಕುದುರೆಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಇಳಿದರು. ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ ಬ್ಲೇಜ್ ಕೆಸರಲ್ಲಿ ಜಾರಿ ರೊಜೆತ್‌ಳ ಎದುರಿಗೇ ಬಿದ್ದ. ಏಳಲು ಅವಸರ ಮಾಡಲಿಲ್ಲ. ಅವಳು ನಿಲ್ಲುತ್ತಾಳೆಂದು ಅವನಿಗೆ ಗೊತ್ತಿತ್ತು.

ರೊಜೆತ್ ನಿಲ್ಲಲಿಲ್ಲ. ಅವನ ಅಂಗೈ ಮೇಲೆ ಕಾಲಿಟ್ಟು ನೀರಿನತ್ತ ನಡೆದಳು.

"ಅಯ್ಯೋ, ಕೈ ಹೋಯ್ತಲ್ಲೋ!" ಯಾರೋ ಓಡಿ ಬಂದು ಅವನನ್ನು ಎಬ್ಬಿಸಿದರು. "ಹಾಳು ಕುದುರೆ! ಇದಕ್ಕೆ ಯಾರೂ ಏನೂ ಕಲಿಸಿಲ್ವಾ?"

ಬ್ಲೇಜ್ ಮಗುವಿನ ಹಾಗೆ ಬಿಕ್ಕುತ್ತಿದ್ದ.

"ಅದಕ್ಕೇನೂ ಅನ್ನಬ್ಯಾಡ್ರೋ," ಎಂದ. "ನಾನೇ ಕಲಿಸಿದ್ದು."